ತನ್ನ ಕಾಲ ಮೇಲೆ ತಾನು

ಬೆಂಗಳೂರಿನ ಹೆಬ್ಬಾಳದಿಂದ ಯಲಹಂಕದ ಕಡೆಗೆ ಸಾಗುವ ಹೆದ್ದಾರಿಯ ಪಕ್ಕದಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣವಿದೆ. ಅಲ್ಲಿ ನಡೆಯುವ ಕೃಷಿ ಮೇಳಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಕೋಲಾರ, ತುಮಕೂರುಗಳ ಕಡೆಯಿಂದ ರೈತರು ತಂಡತಂಡವಾಗಿ ಬರುತ್ತಾರೆ. ರಾಗಿಯ ತಾಕಿನ ಬದುವಿನ ಮೇಲೆ ನಿಂತು, ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡು ನೋಡುತ್ತಾರೆ. ಆ ಆವರಣದ ಹುಟ್ಟಿನಲ್ಲಿ ದೂರದ ಅಮೆರಿಕದ ಒಂದು ವಿಚಾರವೂ ಬೆರೆತಿದೆ ಎಂಬುದು ಅವರಲ್ಲಿ ಅನೇಕರಿಗೆ ತಿಳಿಯದು.

ಅಮೆರಿಕದವರ ಬಾಳಿನ ತಿರುಳನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಬಹುಮಂದಿ ‘ವ್ಯಕ್ತಿವಾದ’ ಎನ್ನುತ್ತಾರೆ. ಮನುಷ್ಯನು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಹುಟ್ಟಿದ ಮನೆತನವಾಗಲಿ, ಊರಿನ ರೂಢಿಯಾಗಲಿ ಅವನ ಹಾದಿಯನ್ನು ಗೊತ್ತುಮಾಡಬಾರದು ಎಂಬುದು ಅದರ ಸಾರ. ಎಮರ್ಸನ್ ಎಂಬ ಚಿಂತಕನು 1841ರಲ್ಲಿ ಸ್ವಾವಲಂಬನೆಯನ್ನು ಕುರಿತೇ ಒಂದು ಪ್ರಬಂಧವನ್ನು ಬರೆದನು. ಅವನ ಗೆಳೆಯ ಥೋರೋ, ಗುಲಾಮಗಿರಿಯನ್ನು ಕಾಪಾಡುವ ಸರ್ಕಾರಕ್ಕೆ ತೆರಿಗೆ ಕೊಡಲಾರೆನೆಂದು 1846ರಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದನು. ಒಬ್ಬಂಟಿ ಮನುಷ್ಯನ ಅಂತಃಸಾಕ್ಷಿಗೂ ಬೆಲೆಯುಂಟು ಎಂದು ಸಾರಿದ ಅವನ ಬರಹವನ್ನು ಮುಂದೆ ಗಾಂಧೀಜಿಯವರು ಮೆಚ್ಚಿ ಓದಿದರು. ಹೀಗೆ ವ್ಯಕ್ತಿವಾದವೆಂದರೆ ಬರಿಯ ಸ್ವಾರ್ಥವಲ್ಲ. ಅನ್ಯಾಯದ ಎದುರಿಗೆ ಒಬ್ಬನೇ ಆದರೂ ನಿಲ್ಲುವ ಧೈರ್ಯ ಅದರಲ್ಲಿದೆ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವಿದೆ. 1831ರಲ್ಲಿ ಅಮೆರಿಕಕ್ಕೆ ಬಂದ ಟಾಕ್ವಿಲ್ ಎಂಬ ಫ್ರೆಂಚ್ ವಿದ್ವಾಂಸನು ಆ ನಾಡಿನಲ್ಲಿ ಸುಮಾರು ಒಂಬತ್ತು ತಿಂಗಳು ಸಂಚರಿಸಿದನು. ಜನರು ತಮ್ಮ ತಮ್ಮ ಮನೆ, ತಮ್ಮ ತಮ್ಮ ಸುಖ ಎಂದು ಒಳಸರಿದರೆ ಸಮಾಜದ ಬೇರು ಒಣಗೀತು ಎಂಬ ಅಂಜಿಕೆ ಅವನಿಗಿತ್ತು. ಅದಕ್ಕೆ ಮದ್ದನ್ನೂ ಅವನು ಅಲ್ಲಿಯೇ ಕಂಡನು. ಶಾಲೆಯಾಗಬೇಕೆ, ಆಸ್ಪತ್ರೆಯಾಗಬೇಕೆ, ಅಲ್ಲಿಯ ಜನ ತಾವಾಗಿ ಸಂಘ ಕಟ್ಟಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದರು. ಹಳ್ಳಿಗಾಡಿನಲ್ಲಿ ಒಬ್ಬ ರೈತನ ಕಣಜವನ್ನು ಎತ್ತಿ ನಿಲ್ಲಿಸಲು ನೆರೆಹೊರೆಯವರೆಲ್ಲ ಒಂದು ದಿನ ಕೂಡುತ್ತಿದ್ದರು.

ಈ ಮಾತು ಯಲಹಂಕದ ಸೀಮೆಯ ಹಿರಿಯರಿಗೆ ಹೊಸದಲ್ಲ. ಅವರು ಇದನ್ನು ‘ಮುಯ್ಯಾಳು’ ಎಂದು ಕರೆಯುತ್ತಾರೆ. ಒಬ್ಬರ ಹೊಲದ ರಾಗಿ ಕೊಯ್ಲಿಗೆ ಇಂದು ಹತ್ತು ಮನೆಯ ಆಳುಗಳು. ನಾಳೆ ಆ ಮನೆಯವರು ಉಳಿದವರ ಹೊಲಗಳಲ್ಲಿ. ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ದುಡಿಮೆಗೆ ದುಡಿಮೆಯೇ ಮುಯ್ಯಿ. ಆದರೆ ಈ ಕೂಡುಬಾಳಿನಲ್ಲಿಯೂ ಕೊರತೆಯಿತ್ತು. ಕಣದಲ್ಲಿ ಜೊತೆಯಾಗಿ ದುಡಿದವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಿರಲಿಲ್ಲ. ಯಾರು ಯಾವ ಕಸುಬು ಮಾಡಬೇಕೆಂಬುದನ್ನು ಹುಟ್ಟೇ ತೀರ್ಮಾನಿಸುತ್ತಿತ್ತು.

ಅಮೆರಿಕದ ಸ್ವಾವಲಂಬಿ ರೈತನೂ ಬರಿಗೈಯಿಂದ ಮೇಲೆ ಬಂದವನಲ್ಲ. 1862ರ ಒಂದು ಕಾನೂನಿನಂತೆ, ಐದು ವರ್ಷ ನೆಲೆಸಿ ಉಳುಮೆ ಮಾಡುವವನಿಗೆ ಸರ್ಕಾರವು 160 ಎಕರೆ ಭೂಮಿಯನ್ನು ಕೊಡುತ್ತಿತ್ತು. ಅದೇ ವರ್ಷ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಮೊರಿಲ್ ಕಾನೂನು, ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿಯನ್ನು ನೀಡಿತು. ರೈತರ ಮತ್ತು ಕಾರ್ಮಿಕರ ಮಕ್ಕಳಿಗೆ ಬೇಸಾಯ, ಯಂತ್ರವಿದ್ಯೆಗಳನ್ನು ಕಲಿಸುವ ವಿದ್ಯಾಲಯಗಳು ಹೀಗೆ ಎದ್ದುನಿಂತವು. ಈ ಭೂಮಿಯ ಮೂಲ ಒಡೆಯರು ಅಲ್ಲಿಯ ಮೂಲನಿವಾಸಿಗಳು ಎಂಬುದನ್ನು ಮರೆಯುವಂತಿಲ್ಲ. ಒಬ್ಬನ ಸ್ವಾತಂತ್ರ್ಯವು ಇನ್ನೊಬ್ಬನ ನೆಲದ ಮೇಲೆ ಬೆಳೆಯಿತು.

ಗುಲಾಮಗಿರಿಯಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನು ಮೈಬಣ್ಣದ ಕಾರಣಕ್ಕೆ ಒಂದು ಕಾಲೇಜು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿತು. ಅವರು ಎದೆಗುಂದಲಿಲ್ಲ. ಮುಂದೆ ಅಯೋವಾ ರಾಜ್ಯದ ಇಂತಹ ಒಂದು ವಿದ್ಯಾಲಯದಲ್ಲಿ ಓದಿ ಕೃಷಿವಿಜ್ಞಾನಿಯಾದರು. ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ, 1906ರಲ್ಲಿ ಕುದುರೆ ಹೂಡಿದ ಒಂದು ಗಾಡಿಯನ್ನೇ ಶಾಲೆಯನ್ನಾಗಿ ಮಾಡಿ ಬಡರೈತರ ಹೊಲಗಳಿಗೆ ವಿದ್ಯೆಯನ್ನು ಕಳುಹಿಸಿದರು. ಛಲ ಅವರದು, ಕೈಹಿಡಿದವರು ಹಲವರು, ಫಲ ಎಲ್ಲರದು.

ಈ ಬಗೆಯ ವಿದ್ಯಾಲಯದ ಕಲ್ಪನೆಯೇ ಹೆಬ್ಬಾಳಕ್ಕೂ ಬಂದಿತು. ಅದಕ್ಕೆ ನೆಲ ಮೊದಲೇ ಹದವಾಗಿತ್ತು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ನೀಡಿದ 30 ಎಕರೆ ಭೂಮಿಯಲ್ಲಿ ಅಲ್ಲಿ ಕೃಷಿ ಸಂಶೋಧನೆ ಆರಂಭವಾಗಿತ್ತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಡಾ. ಕೆ. ಸಿ. ನಾಯ್ಕ್ ಅದರ ಮೊದಲ ಕುಲಪತಿಗಳಾದರು. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯವು ಅದಕ್ಕೆ ನೆರವಾಯಿತು. ಪಾಠ, ಸಂಶೋಧನೆ, ರೈತನ ಮನೆಬಾಗಿಲಿಗೆ ವಿದ್ಯೆಯನ್ನು ಮುಟ್ಟಿಸುವ ವಿಸ್ತರಣೆ, ಈ ಮೂರೂ ಒಂದೇ ನೊಗಕ್ಕೆ ಕಟ್ಟಿದ ಕಾರ್ಯಗಳಾದವು.

ಅದೇ ಕಾಲದಲ್ಲಿ ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರಾಗಿಯ ಸಣ್ಣ ಸಣ್ಣ ಹೂಗಳ ಮೇಲೆ ಬಾಗಿ ಕುಳಿತಿದ್ದರು. ರಾಗಿಯಲ್ಲಿ ಬೇರೆ ತಳಿಯ ಪರಾಗವನ್ನು ಕೂಡಿಸುವುದು ಬಹಳ ನಾಜೂಕಿನ ಕೆಲಸ. ಅವರು ತಾಳ್ಮೆಯಿಂದ ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಅವುಗಳಿಂದ ರೈತರ ಇಳುವರಿ ಹೆಚ್ಚಿತು. ಜನರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಒಬ್ಬ ವ್ಯಕ್ತಿಯ ನಿಷ್ಠೆ ಎಷ್ಟನ್ನು ಸಾಧಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಆದರೆ ಆ ಬೀಜವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಎರಡು ಖಂಡಗಳ ಅನಾಮಧೇಯ ರೈತರಿಲ್ಲದೆ ಆ ಸಾಧನೆಯೂ ಇಲ್ಲ.

ಇಂದು ಹೆಬ್ಬಾಳದ ಅದೇ ಹೆದ್ದಾರಿಯಲ್ಲಿ, 2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ವಾಹನಗಳು ಹಗಲಿರುಳು ಧಾವಿಸುತ್ತವೆ. ಓದಿಗಾಗಿ ಅಮೆರಿಕಕ್ಕೆ ಹೊರಟ ಮಗಳು, ಬಾಗಿಲ ಬಳಿ ಕೈಬೀಸುವ ತಂದೆತಾಯಿಯರು. ಈ ನೋಟ ಅಲ್ಲಿ ನಿತ್ಯದ್ದು. ತನ್ನ ಓದನ್ನು, ಕೆಲಸವನ್ನು ತಾನೇ ಆರಿಸಿಕೊಳ್ಳುವ ಹಕ್ಕು ಆ ಮಗಳದು. ಅವಳ ಅಜ್ಜಿಗೆ ಅದು ದೊರೆತಿರಲಿಲ್ಲ. ಆ ಹಕ್ಕನ್ನು ಅವಳಿಂದ ಕಿತ್ತುಕೊಳ್ಳುವುದು ಅನ್ಯಾಯ. ಆದರೆ ಅವಳು ಹೋದ ಮೇಲೆ ಮನೆಯಲ್ಲಿ ಉಳಿಯುವ ಮೌನವೂ ಸುಳ್ಳಲ್ಲ. ಸ್ವಾತಂತ್ರ್ಯಕ್ಕೆ ಬೆಲೆಯುಂಟು, ಹಲವು ವೇಳೆ ಅದನ್ನು ತೆರುವವರು ಬೇರೆಯವರು.

ಆದುದರಿಂದ ತನ್ನ ಕಾಲ ಮೇಲೆ ತಾನು ನಿಲ್ಲುವುದು ಶ್ರೇಷ್ಠವಾದ ಗುಣ. ಕಾಲಿನ ಕೆಳಗಿನ ನೆಲ ಯಾರದೆಂಬುದನ್ನು ನೆನೆಯುವುದು ಅದಕ್ಕಿಂತ ಶ್ರೇಷ್ಠ. ರಾಗಿಯ ಪೈರು ತನ್ನ ಬೇರಿನ ಮೇಲೆ ತಾನೇ ನಿಲ್ಲುತ್ತದೆ. ಆದರೆ ಆ ಹೊಲವನ್ನು ಉತ್ತವರು, ಬಿತ್ತಿದವರು, ಕಳೆ ಕಿತ್ತವರು ಹಲವರು. ಕಾಳು ತುಂಬಿದ ಮೇಲೆ ತೆನೆ ಬಾಗುವುದು ಆ ನೆಲದ ಕಡೆಗೇ.