ದೊಡ್ಡಬೆಟ್ಟಕ್ಕೆ ಹತ್ತಿದೆವು, ಪುಟ್ಟ ರೈಲಿನಲ್ಲಿ ಇಳಿದೆವು

ಕರ್ನಾಟಕದ ಅತಿ ಎತ್ತರದ ಶಿಖರ ಯಾವುದು ಎಂದು ಕೇಳಿದರೆ ಐದನೇ ಕ್ಲಾಸಿನ ಮಕ್ಕಳೂ ಥಟ್ಟನೆ ಮುಳ್ಳಯ್ಯನಗಿರಿ ಎನ್ನುತ್ತಾರೆ. ಎತ್ತರ 1,930 ಮೀಟರ್. ಈಗ ಒಂದು ತಮಾಷೆ ಕೇಳಿ. ಊಟಿಯ ರೈಲು ನಿಲ್ದಾಣದಲ್ಲಿ ನಿಂತು ಕಾಫಿ ಕುಡಿಯುವವರು, ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತವರಿಗಿಂತ 250 ಮೀಟರಿಗೂ ಹೆಚ್ಚು ಮೇಲಿರುತ್ತಾರೆ! ಆ ನಿಲ್ದಾಣದ ಎತ್ತರ ಸುಮಾರು 2,200 ಮೀಟರ್. ನಾವು ಶಿಖರ ಎನ್ನುವ ಎತ್ತರದಲ್ಲಿ ಅಲ್ಲಿನವರು ತರಕಾರಿ ಕೊಳ್ಳುತ್ತಾರೆ, ಸ್ಕೂಲಿಗೆ ಹೋಗುತ್ತಾರೆ, ಬಟ್ಟೆ ಒಣಗಲಿಲ್ಲವೆಂದು ಬೈದುಕೊಳ್ಳುತ್ತಾರೆ.

ಈ ಸಲದ ದಸರಾ ರಜೆಗೆ ಮೊಮ್ಮಕ್ಕಳಿಬ್ಬರು ಮೈಸೂರಿಗೆ ಬಂದಿದ್ದರು. ಮಗನಿಗೆ ಕೊಯಮತ್ತೂರಿನಲ್ಲಿ ಕೆಲಸ. ಮೊಮ್ಮಗಳಿಗೆ ಹನ್ನೊಂದು, ಮೊಮ್ಮಗನಿಗೆ ಏಳು. ರಜೆ ಮುಗಿದ ಮೇಲೆ ಅವರನ್ನು ಮನೆ ಮುಟ್ಟಿಸುವ ಜವಾಬ್ದಾರಿ ನಮ್ಮಿಬ್ಬರದು. ‘ನೇರ ಹೋಗುವುದಕ್ಕೆ ಬದಲು ಊಟಿ ಮೇಲೆ ಹೋಗೋಣ, ಎರಡು ರಾತ್ರಿ ಇದ್ದು ಪುಟ್ಟ ರೈಲಿನಲ್ಲಿ ಮೆಟ್ಟುಪಾಳ್ಯಕ್ಕೆ ಇಳಿಯೋಣ’ ಎಂದು ನಮ್ಮ ಯಜಮಾನರು ತಿಂಗಳುಗಟ್ಟಲೆ ಮೊದಲೇ ರೈಲಿನ ಟಿಕೆಟ್ ತೆಗೆಸಿಟ್ಟಿದ್ದರು. ಅದು ಹಾಗೆಯೇ, ಮುಂಚಿತವಾಗಿ ತೆಗೆಸದಿದ್ದರೆ ಆ ರೈಲಿನಲ್ಲಿ ಜಾಗ ಸಿಗುವುದು ಕಷ್ಟ.

ಹೊರಡುವ ಹೊತ್ತಿಗೆ ಮೊಮ್ಮಗಳು ಮಾತು ಕಮ್ಮಿ ಮಾಡಿಬಿಟ್ಟಿದ್ದಳು. ಕಾರಣ ಹೇಳುತ್ತೇನೆ. ಬೊಂಬೆ ನೋಡಲು ನೆಂಟರ ಮಕ್ಕಳು ಬಂದಿದ್ದ ದಿನ ಇವಳು ಅಡುಗೆಮನೆಗೆ ಓಡಿ ಬಂದು, ‘ಅಜ್ಜಿ, ನಂಗೆ ಪಸಿ ಆಗ್ತಿದೆ’ ಎಂದಳು. ತಮಿಳಿನಲ್ಲಿ ಹಸಿವಿಗೆ ಪಸಿ ಎನ್ನುತ್ತಾರೆ. ಸ್ಕೂಲಿನಲ್ಲಿ, ಆಟದಲ್ಲಿ ಎಲ್ಲ ಅದೇ ಮಾತು, ಬಾಯಿಗೆ ಬಂದಿದೆ. ಬಂದ ಮಕ್ಕಳು ‘ಪಸಿ! ಪಸಿ!’ ಎಂದು ಬಿದ್ದು ಬಿದ್ದು ನಕ್ಕರು. ಸಂಜೆಯವರೆಗೂ ಅದೇ ಆಟವಾಯಿತು. ಅಲ್ಲಿಂದ ಮುಂದೆ ಇವಳು ನಮ್ಮ ಜೊತೆಯೂ ಇಂಗ್ಲಿಷೇ. ಏನು ಕೇಳಿದರೂ ‘ಎಸ್ ಅಜ್ಜಿ, ನೋ ಅಜ್ಜಿ’. ಕನ್ನಡದಲ್ಲಿ ಬಾಯಿ ಬಿಟ್ಟರೆ ತಾನೇ ನಗುವುದು ಎಂದು ತೀರ್ಮಾನಿಸಿಬಿಟ್ಟಂತಿತ್ತು. ನನಗೆ ಒಳಗೊಳಗೇ ಸಂಕಟ. ವರ್ಷಕ್ಕೆ ಎರಡು ಸಲ ಸಿಗುವ ಕೂಸು, ಅದರ ಜೊತೆ ನಾನು ಯಾವ ಭಾಷೆಯಲ್ಲಿ ಕಥೆ ಹೇಳಲಿ?

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕಿತು ಬಸ್ಸು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನವರಿಗೆ ರಾತ್ರಿ ಓಡಾಡುವ ಹಕ್ಕು ಇರಬೇಕಲ್ಲ. ಗಡಿ ದಾಟಿದರೆ ಮುದುಮಲೆ, ಅಲ್ಲಿಯೇ ತೆಪ್ಪಕಾಡಿನ ಆನೆ ಶಿಬಿರ. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರದ ಮರಿಯಾನೆಗಳು ಬೆಳೆದದ್ದು ಇಲ್ಲೇ ಎಂದಾಗ ಮೊಮ್ಮಗ ಕಿಟಕಿ ಬಿಡಲಿಲ್ಲ. ಗೂಡಲೂರಿನ ನಂತರ ಏರು ಶುರು. ಕಿವಿ ಮುಚ್ಚಿಕೊಳ್ಳುತ್ತದೆ, ಬಾಯಿಗೆ ಒಂದು ಪೆಪ್ಪರಮೆಂಟು ಹಾಕಿಕೊಂಡು ಜೊಲ್ಲು ನುಂಗುತ್ತಿದ್ದರೆ ಸರಿಹೋಗುತ್ತದೆ. ಸ್ವಂತ ಕಾರಿನಲ್ಲಿ ಹೋಗುವವರು ಮೊದಲೇ ಇ-ಪಾಸ್ ಮಾಡಿಸಿಕೊಳ್ಳಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಗೆ ನೀಲಗಿರಿ ಜಿಲ್ಲೆಯಲ್ಲಿ ಪ್ರವೇಶವಿಲ್ಲ, ಸ್ಟೀಲಿನದು ಇರಲಿ.

ಚಳಿಯ ಲೆಕ್ಕ ಮಕ್ಕಳಿಗೆ ಗೊತ್ತಿರಲಿ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮೈಸೂರು ಇರುವುದು 770 ಮೀಟರ್ ಆಸುಪಾಸಿನಲ್ಲಿ. ಉಳಿದದ್ದನ್ನು ನೀವೇ ಕಳೆದು ಗುಣಿಸಿ ನೋಡಿ, ಸ್ವೆಟರು ಬೇಕೋ ಬೇಡವೋ ಗೊತ್ತಾಗುತ್ತದೆ. ಇನ್ನೊಂದು ವಿಷಯ ಅಜ್ಜಿಯರಿಗೆ: ಊಟಿಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 92-93ಕ್ಕೇ ಕುದಿಯುತ್ತದೆ. ಗಾಳಿಯ ಒತ್ತಡ ಅಲ್ಲಿ ಕಡಿಮೆ. ಆದ್ದರಿಂದ ತೆರೆದ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಗ ಬೇಯದು. ಬೇಳೆಯನ್ನು ದೂರಬೇಡಿ.

ಮಾರನೆಯ ದಿನ ಬೆಳಿಗ್ಗೆ ಕೋತಗಿರಿಯ ಕಡೆ ಹೋಗುವ ಬಸ್ಸು ಹತ್ತಿದೆವು. ದೊಡ್ಡಬೆಟ್ಟದ ಕ್ರಾಸಿನಲ್ಲಿ ಇಳಿದು ಮೇಲೆ ಹೋಗುವ ಯೋಚನೆ. ನಾನು ಯಜಮಾನರಿಗೆ, ‘ತಲೆಗೆ ಮಫ್ಲರ್ ಕಟ್ಟಿಕೊಳ್ಳಿ, ಆಮೇಲೆ ಕೆಮ್ಮಬೇಡಿ’ ಎನ್ನುತ್ತಿದ್ದೆ. ಮುಂದಿನ ಸೀಟಿನಲ್ಲಿದ್ದ ಒಬ್ಬ ಹಿರಿಯಾಕೆ ತಿರುಗಿ ನೋಡಿ ನಕ್ಕರು. ಬಿಳಿ ಬಟ್ಟೆ ಸುತ್ತಿ ಉಟ್ಟು ತಲೆಗೂ ಬಿಳಿ ವಸ್ತ್ರ ಕಟ್ಟಿದ್ದರು. ಅವರು ಏನೋ ಕೇಳಿದರು. ಕಿವಿಗೆ ಬಿದ್ದದ್ದು ಕನ್ನಡದಂತಿತ್ತು, ಆದರೆ ನಾನು ಕೇಳಿದ ಯಾವ ಸೀಮೆಯ ಕನ್ನಡವೂ ಅಲ್ಲ. ಎರಡನೇ ಸಲ ನಿಧಾನವಾಗಿ ಹೇಳಿದಾಗ ತಿಳಿಯಿತು, ನಮ್ಮ ಮನೆ ಎಲ್ಲಿ ಎಂದು ಕೇಳುತ್ತಿದ್ದರು. ಅವರದು ಬಡಗ ಭಾಷೆ. ಅವರ ಮಾತನ್ನು ಇಲ್ಲಿ ಹಾಗೆಯೇ ಬರೆಯಲು ನನಗೆ ಬಾರದು, ಅರ್ಥ ಮಾತ್ರ ಬರೆಯಬಲ್ಲೆ.

ಬಡಗ ಎಂದರೆ ಉತ್ತರ. ಯಕ್ಷಗಾನದ ಬಡಗುತಿಟ್ಟು ನೆನಪಿದೆಯಲ್ಲ, ಅದೇ ಬಡಗು. ತಮ್ಮ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಉತ್ತರದಿಂದ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ಎಂಬುದು ಅವರಲ್ಲಿ ನಡೆದುಬಂದ ಮಾತು. ಅವರಿಗೂ ಮನೆ ಎಂದರೆ ಮನೆ, ಹಾಲು ಎಂದರೆ ಹಾಲು, ಹಬ್ಬ ಎಂದರೆ ಹಬ್ಬ. ಅವರ ಊರು ಹಟ್ಟಿ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 1.33 ಲಕ್ಷ ಜನ. ಪಟ್ಟಿಯಲ್ಲಿ ಅವರನ್ನು ಕನ್ನಡದ ಕೆಳಗೆ ಸೇರಿಸಿದ್ದಾರೆ. ಅದು ಕನ್ನಡದ ಮಗಳೋ ತಂಗಿಯೋ ಎಂದು ಪಂಡಿತರು ಚರ್ಚಿಸಲಿ, ಬಸ್ಸಿನಲ್ಲಿ ನನಗಂತೂ ಬಹಳ ದಿನದ ಮೇಲೆ ಸಿಕ್ಕ ನೆಂಟರಂತೆ ಕಂಡರು.

ಮೊಮ್ಮಗಳು ಕಿಟಕಿ ಕಡೆ ಮುಖ ಮಾಡಿದ್ದರೂ ಕಿವಿ ಇತ್ತ ಇತ್ತು. ಆಕೆ ಅವಳ ಗಲ್ಲ ಹಿಡಿದು ನನ್ನನ್ನು ತೋರಿಸಿ, ‘ಹೆತ್ತೆ?’ ಎಂದರು. ಬಡಗರ ಮಾತಿನಲ್ಲಿ ಹೆತ್ತೆ ಎಂದರೆ ಅಜ್ಜಿ. ಅವರು ಪೂಜಿಸುವ ಕುಲದೇವಿಯ ಹೆಸರೂ ಹೆತ್ತೆಯೇ. ಡಿಸೆಂಬರ್-ಜನವರಿ ಹೊತ್ತಿಗೆ ಹೆತ್ತೆ ಹಬ್ಬಕ್ಕೆ ಊರೂರಿನವರು ಬಿಳಿ ಬಟ್ಟೆಯುಟ್ಟು ಸೇರುತ್ತಾರೆ. ಅಜ್ಜಿಯನ್ನೇ ದೇವರು ಮಾಡಿಕೊಂಡಿದ್ದಾರಲ್ಲ ಎಂದು ನಾನು ಯಜಮಾನರ ಕಡೆ ನೋಡಿದೆ. ಅವರು ಮಫ್ಲರ್ ಸರಿಮಾಡಿಕೊಳ್ಳುತ್ತಿದ್ದರು.

‘ಹೆತ್ತವರು ಅಂದ್ರೆ ಅಪ್ಪ ಅಮ್ಮ ಅಲ್ವಾ?’ ಎಂದಿತು ಒಂದು ದನಿ. ಮೊಮ್ಮಗಳದು. ಐದು ದಿನದ ಮೇಲೆ ಬಂದ ಕನ್ನಡ ವಾಕ್ಯ. ನಾನು ಸುಮ್ಮನೆ ‘ಹೂಂ, ಅದೇ’ ಎಂದೆ. ಹೆಚ್ಚು ಸಂಭ್ರಮಪಟ್ಟರೆ ಆಮೆ ಮತ್ತೆ ಚಿಪ್ಪಿನೊಳಗೆ ಹೋಗಿಬಿಡುತ್ತದೆ.

ಆಮೇಲೆ ಒಂದು ಆಟ ತಾನಾಗಿ ಹುಟ್ಟಿತು. ರಸ್ತೆ ಬದಿಯ ಬೋರ್ಡುಗಳೆಲ್ಲ ತಮಿಳಿನಲ್ಲಿ. ನನಗೆ ತಮಿಳು ಅಕ್ಷರ ಬರುವುದಿಲ್ಲ, ಅವಳಿಗೆ ನೀರು ಕುಡಿದಷ್ಟು ಸುಲಭ. ಅವಳು ಓದುವುದು, ನಾನು ಅರ್ಥ ಹೇಳುವುದು. ‘ತೊಟ್ಟಬೆಟ್ಟಾ’ ಎಂದು ಓದಿದಳು. ತಮಿಳಿನಲ್ಲಿ ತ-ದ, ಟ-ಡಗಳಿಗೆ ಒಂದೊಂದೇ ಅಕ್ಷರ. ‘ತೊಟ್ಟ ಅಲ್ಲ ಕಣೇ, ಬಾಯಲ್ಲಿ ಹೊರಳಿಸಿ ನೋಡು’ ಎಂದೆ. ಒಂದು ನಿಮಿಷ ತುಟಿ ಆಡಿಸಿ, ‘ದೊಡ್ಡ ಬೆಟ್ಟ! ಬಿಗ್ ಮೌಂಟನ್! ಇಷ್ಟೇನಾ?’ ಎಂದು ಕೂಗಿದಳು. ಇಷ್ಟೇ. ನೀಲಗಿರಿಯಲ್ಲೆಲ್ಲ ಎತ್ತರದ ಶಿಖರಕ್ಕೆ, 2,637 ಮೀಟರಿಗೆ, ಇಷ್ಟು ಸರಳವಾದ ಹೆಸರು. ತುಮ್ಮನಹಟ್ಟಿ, ಮಣಿಹಟ್ಟಿ ಎಂದು ಅವಳು ಒಂದೊಂದೇ ಹೆಸರು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಒಂದು ಸಾಲು ತಮಿಳು, ಪಕ್ಕದಲ್ಲಿ ಕನ್ನಡ. ಕನ್ನಡದ ‘ಟ್ಟಿ’ ಹೇಗೆ ಬರೆಯುವುದೆಂದು ನನ್ನ ಅಂಗೈ ಮೇಲೆ ಬರೆಸಿಕೊಂಡಳು.

ದೊಡ್ಡಬೆಟ್ಟದ ತುದಿಯಲ್ಲಿ ಮಂಜು. ದೂರದರ್ಶಕ ಇದೆ, ಅದರಲ್ಲಿ ಕಂಡದ್ದು ಬರಿ ಬಿಳುಪು. ಮೊಮ್ಮಗ, ‘ಹಾಲಿನೊಳಗೆ ನೋಡಿದ ಹಾಗಿದೆ’ ಎಂದ. ಆಗ ಯಜಮಾನರಿಗೆ ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಗಂಟಲು ಕೆರೆಯಿತು. ‘ಹಾಲಿಗೆ ತಮಿಳಲ್ಲಿ ಏನಂತಾರೆ?’ ಎಂದರು. ಪಾಲ್ ಎಂದಳು ಮೊಮ್ಮಗಳು. ‘ಹೂವಿಗೆ?’ ಪೂ. ‘ಹುಲಿಗೆ?’ ಪುಲಿ. ‘ಹಲ್ಲಿಗೆ?’ ಪಲ್. ‘ಕೇಳು ಮಗು, ಸಾವಿರ ವರ್ಷದ ಹಿಂದೆ ಕನ್ನಡದಲ್ಲೂ ಹಾಗೇ ಇತ್ತು. ಪಾಲ್, ಪೂ, ಪುಲಿ, ಪಲ್. ಆಮೇಲೆ ನಮ್ಮವರ ಬಾಯಲ್ಲಿ ಪ ಹೋಗಿ ಹ ಬಂತು. ಬೇಲೂರಿನ ದೇವಸ್ಥಾನ ಕಟ್ಟಿಸಿದ ವಿಷ್ಣುವರ್ಧನನ ಕಾಲಕ್ಕಿಂತ ಹಿಂದಿನ ಕವಿಗಳನ್ನು ಕೇಳಿದ್ದರೆ ಹಸಿವಿಗೆ ಏನನ್ನುತ್ತಿದ್ದರು ಹೇಳು?’

ಅವಳು ಕಣ್ಣರಳಿಸಿದಳು. ‘ಪಸಿ?’

‘ಪಸಿವು. ನಿನಗೆ ನಕ್ಕರಲ್ಲ, ಅವರಿಗೆ ಹಳಗನ್ನಡ ಗೊತ್ತಿಲ್ಲ, ಪಾಪ.’

ಮೆಟ್ಟಿಲು ಇಳಿಯುವಾಗ ಅವಳು ಸುಮಾರು ಹತ್ತು ಸಲ, ಬೇಕೆಂದೇ, ‘ನಂಗೆ ಪಸಿವು, ನಂಗೆ ಪಸಿವು’ ಎಂದಳು. ಕೆಳಗೆ ಬಿಸಿ ಮೆಕ್ಕೆಜೋಳ ಕೊಡಿಸಿದೆವು. ಊಟಿ ವರ್ಕಿಯನ್ನೂ ಕೊಂಡೆವು. ಪದರ ಪದರವಾಗಿ ಪುಡಿಯಾಗುವ ಗರಿಗರಿ ಬಿಸ್ಕತ್ತು ಅದು. ಹಲ್ಲು ಗಟ್ಟಿಯಿಲ್ಲದ ಅಜ್ಜಂದಿರು ಚಹಾದಲ್ಲಿ ಅದ್ದಿ ತಿನ್ನಬೇಕು.

1848ರಲ್ಲಿ ಶುರುವಾದ ಸಸ್ಯೋದ್ಯಾನಕ್ಕೂ ಹೋದೆವು. ಕಲ್ಲಾಗಿಹೋದ, 2 ಕೋಟಿ ವರ್ಷ ಹಳೆಯದೆನ್ನುವ ಮರದ ಕಾಂಡ ಅಲ್ಲಿದೆ. ಜನಜಂಗುಳಿ, ಸೆಲ್ಫಿ. ಕೆರೆಯ ದೋಣಿಗೂ ಉದ್ದ ಸಾಲು, ಬಿಟ್ಟೆವು. ನನಗೆ ಮನಸ್ಸಿಗೆ ಹತ್ತಿದ್ದು ಉದ್ಯಾನಕ್ಕಿಂತ ಅದರ ಮೇಲ್ಭಾಗದಲ್ಲಿರುವ ತೋಡರ ಮಂದು. ತೋಡರು ಎಮ್ಮೆ ಸಾಕುವವರು. ಅವರ ಹಳೆಯ ಮನೆ ಅರ್ಧ ಸೀಳಿದ ಪೀಪಾಯಿ ಕವುಚಿಟ್ಟಂತೆ, ಬಾಗಿಲು ಮಂಡಿಯೂರಿ ನುಗ್ಗುವಷ್ಟು ಚಿಕ್ಕದು. ಚಳಿಯೂ ಕಾಡುಪ್ರಾಣಿಯೂ ಒಳಗೆ ಬರಬಾರದಲ್ಲ. ಬಿಳಿ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಲ್ಲಿ ಅವರ ಹೆಂಗಸರು ಹಾಕುವ ಕಸೂತಿ ನೋಡಿದರೆ ನೇಯ್ದದ್ದೋ ಹೊಲಿದದ್ದೋ ತಿಳಿಯದು.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾವು ನೀಲಗಿರಿ ಮರ, ನೀಲಗಿರಿ ಎಣ್ಣೆ ಎನ್ನುತ್ತೇವಲ್ಲ, ಆ ಮರ ನೀಲಗಿರಿಯದಲ್ಲ, ಆಸ್ಟ್ರೇಲಿಯಾದ್ದು. ಸೌದೆಗೆಂದು ಬ್ರಿಟಿಷರ ಕಾಲದಲ್ಲಿ ತಂದು ನೆಟ್ಟರು. ನೀಲಗಿರಿಯ ನಿಜವಾದ ಸಿರಿ ಹುಲ್ಲುಗಾವಲು ಮತ್ತು ಕಣಿವೆಗಳ ಶೋಲಾ ಕಾಡು. ಮಳೆನೀರನ್ನು ಸ್ಪಂಜಿನಂತೆ ಹೀರಿಟ್ಟು ಬೇಸಿಗೆಯಲ್ಲೂ ತೊಟ್ಟಿಕ್ಕಿಸುವುದು ಅವು. ಆ ನೀರು ಮೋಯಾರ್, ಭವಾನಿ ನದಿಗಳಾಗಿ ಕೊನೆಗೆ ಕಾವೇರಿ ಸೇರುತ್ತದೆ. ಗುಡ್ಡಗುಡ್ಡವೇ ನೀಲಗಿರಿ ಮರ, ಚಹಾ ತೋಟ ಆಗಿರುವುದನ್ನು ಕಂಡು ಚೆಂದ ಎನ್ನುತ್ತಾ ಫೋಟೋ ತೆಗೆಯುತ್ತೇವೆ. ಅಲ್ಲಿ ಮೊದಲು ಏನಿತ್ತು ಎಂದು ಕೇಳುವವರು ಕಡಿಮೆ.

ಮೂರನೆಯ ದಿನ ಮಧ್ಯಾಹ್ನ ಎರಡಕ್ಕೆ ಪುಟ್ಟ ರೈಲು. ಕೂನೂರಿನವರೆಗೆ ಡೀಸೆಲ್ ಎಂಜಿನ್, ಅಲ್ಲಿಂದ ಮೆಟ್ಟುಪಾಳ್ಯಕ್ಕೆ ಹಬೆ ಎಂಜಿನ್. ಕೂನೂರಿನಲ್ಲಿ ಎಂಜಿನ್ ಬದಲಿಸುವಾಗ ಎಲ್ಲರೂ ಇಳಿದು ನೋಡಿದೆವು. ಎರಡು ಹಳಿಗಳ ಮಧ್ಯೆ ಉದ್ದಕ್ಕೂ ಗರಗಸದಂತೆ ಹಲ್ಲಿರುವ ಪಟ್ಟಿ. ಎಂಜಿನ್ನಿನ ಹೊಟ್ಟೆಯಡಿ ಹಲ್ಲಿನ ಚಕ್ರ. ಸೈಕಲ್ಲಿನ ಚೈನಿಗೆ ಚಕ್ರ ಕಚ್ಚುವಂತೆ ಇದು ಅದನ್ನು ಕಚ್ಚಿ ಕಚ್ಚಿ ಹತ್ತುತ್ತದೆ, ಇಳಿಯುತ್ತದೆ. ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ಎಂಬ ಎಂಜಿನಿಯರ್ ರೂಪಿಸಿದ ಉಪಾಯ. ಇಲ್ಲಿನ ಇಳಿಜಾರು ಎಷ್ಟೆಂದರೆ 12 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ನಯವಾದ ಹಳಿಯ ಮೇಲೆ ಬರಿ ಚಕ್ರ ಜಾರಿಬಿಡುತ್ತದೆ.

ಎಂಜಿನ್ ಯಾವಾಗಲೂ ತಗ್ಗಿನ ಕಡೆಯೇ ಇರುತ್ತದೆ. ಹತ್ತುವಾಗ ಹಿಂದಿನಿಂದ ನೂಕುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ನನ್ನ ಮಗ ನನಗಿಂತ ಎರಡು ಮೆಟ್ಟಿಲು ಮುಂದೆ ಇಳಿಯುತ್ತಾನೆ, ಅದೇ ರೀತಿ. ಡಬ್ಬಿಗೊಬ್ಬ ಬ್ರೇಕಿನವನು ಬೇರೆ.

1854ರಲ್ಲೇ ಯೋಚನೆ ಹುಟ್ಟಿ, 1891ರಲ್ಲಿ ಕೆಲಸ ಶುರುವಾಗಿ, 1899ರಲ್ಲಿ ಕೂನೂರು ಮುಟ್ಟಿ, 1908ಕ್ಕೆ ಊಟಿ ಸೇರಿದ ದಾರಿ ಇದು. 46 ಕಿಲೋಮೀಟರ್, 16 ಸುರಂಗ, 250 ಸೇತುವೆ, 208 ತಿರುವು. 2005ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಳಿಯಲು ಮೂರೂವರೆ ತಾಸು ಬೇಕು, ಹತ್ತಲು ಐದು ತಾಸಿನ ಹತ್ತಿರ. ಮಳೆ ಜೋರಾದರೆ ಗುಡ್ಡ ಕುಸಿದು ನಿಂತೇಹೋಗುವುದೂ ಉಂಟು, ನಮ್ಮ ಪುಣ್ಯ, ಅಂದು ತುಂತುರು ಮಾತ್ರ. ಹಿಲ್‌ಗ್ರೋವ್ ಎಂಬಲ್ಲಿ ಎಂಜಿನ್ ನೀರು ಕುಡಿಯಲು ನಿಂತಾಗ ಒಂದು ಕೋತಿ ಮೊಮ್ಮಗನ ವರ್ಕಿ ಪೊಟ್ಟಣ ಕಸಿದು ಹಳಿಯ ಪಕ್ಕವೇ ಕುಳಿತು ತಿಂದಿತು. ಅವನು ಅತ್ತ, ಅಕ್ಕ ತನ್ನ ಪಾಲನ್ನು ಕೊಟ್ಟಳು.

ಸುರಂಗ ಬಂದಾಗಲೆಲ್ಲ ಡಬ್ಬಿಯ ಮಕ್ಕಳೆಲ್ಲ ಒಟ್ಟಿಗೆ ಕಿರುಚುತ್ತಿದ್ದರು. ನಾನೂ ಒಂದೆರಡು ಸಲ ಕಿರುಚಿದೆ, ಕತ್ತಲಲ್ಲಿ ಯಾರಿಗೆ ಗೊತ್ತಾಗುತ್ತದೆ. ಹೊರಬಂದರೆ ಒಮ್ಮೆ ಎಡಕ್ಕೆ ಪ್ರಪಾತ, ಒಮ್ಮೆ ಬಲಕ್ಕೆ ಜಲಪಾತ. ಇಳಿಯುತ್ತ ಇಳಿಯುತ್ತ ಸ್ವೆಟರು ಭಾರವಾಯಿತು, ಒಂದೊಂದಾಗಿ ಬಿಚ್ಚಿ ಚೀಲಕ್ಕೆ ತುರುಕಿದೆವು. ಅಡಿಕೆ ತೋಟಗಳು ಕಂಡವು, ಹಲ್ಲಿನ ಹಳಿ ಮುಗಿಯಿತು. ಒಂದು ಸಣ್ಣ ಸ್ಟೇಷನ್ನಿನ ಹಲಗೆಯನ್ನು ಮೊಮ್ಮಗಳು ಓದಿದಳು: ‘ಕಲ್ಲಾರ್’.

‘ಕಲ್ಲು, ಆರು. ಆರು ಕಲ್ಲು ಇದ್ಯಾ ಇಲ್ಲಿ?’ ಎಂದು ಮೊಮ್ಮಗ ಬೆರಳು ಮಡಚಿ ಹುಡುಕತೊಡಗಿದ.

ಇದರ ಅರ್ಥ ನನಗೂ ಹೊಳೆಯಲಿಲ್ಲ. ಅಜ್ಜನ ಕಡೆ ನೋಡಿದೆ, ಅವರು ತೂಕಡಿಸುತ್ತಿದ್ದರು. ಮೊಮ್ಮಗಳು ನಮ್ಮಿಬ್ಬರ ಮಧ್ಯೆ ಬಂದು ಕುಳಿತು, ಮೇಷ್ಟರ ಠೀವಿಯಲ್ಲಿ ಕನ್ನಡದಲ್ಲೇ ಹೇಳಿದಳು:

‘ಅಜ್ಜಿ, ತಮಿಳಲ್ಲಿ ಆರು ಅಂದ್ರೆ ಹೊಳೆನೂ ಹೌದು. ಇದು ಕಲ್ಲಿನ ಹೊಳೆ. ಅಲ್ಲಿ ಕೆಳಗೆ ನೋಡಿ, ಹರೀತಾ ಇದೆ.’