ಶನಿವಾರದ ಊಟ

ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಶನಿವಾರ ಸಂಜೆ ಸ್ನೇಹಿತರನ್ನು ಊಟಕ್ಕೆ ಕರೆಯುವ ರೂಢಿ 1960ರ ದಶಕದ ಕೊನೆಯ ಹೊತ್ತಿಗೆ ಬೇರೂರತೊಡಗಿತು. ಅದಕ್ಕೂ ಮುಂಚೆ ಭಾರತದಿಂದ ವಲಸೆ ಹೋಗಲು ವರ್ಷಕ್ಕೆ ಸುಮಾರು 100 ಜನರಿಗಷ್ಟೇ ಅವಕಾಶವಿತ್ತು. 1965ರ ವಲಸೆ ಕಾಯಿದೆ ಆ ಮಿತಿಯನ್ನು ತೆಗೆದುಹಾಕಿದ ಮೇಲೆ ವೈದ್ಯರು, ಎಂಜಿನಿಯರುಗಳು, ಸಂಶೋಧಕರು ಹೋಗತೊಡಗಿದರು. ವಿದೇಶಿ ವಿನಿಮಯದ ಬಿಗಿ ನಿಯಮದಿಂದಾಗಿ ಹೊರಟ ಅನೇಕರ ಜೇಬಿನಲ್ಲಿ ಇದ್ದದ್ದು 8 ಡಾಲರ್. ಕೆಲಸ ಸಿಕ್ಕ ಊರಿನಲ್ಲೇ ನೆಲೆಯೂರಿದ್ದರಿಂದ ಕನ್ನಡದವರ ಒಂದು ಮನೆಯಿಂದ ಇನ್ನೊಂದಕ್ಕೆ ಎರಡು ಮೂರು ಗಂಟೆಯ ಕಾರಿನ ದಾರಿ. ಹೊಸ ಊರಿಗೆ ಬಂದವರು ಟೆಲಿಫೋನ್ ಡೈರೆಕ್ಟರಿಯಲ್ಲಿ ರಾವ್, ಮೂರ್ತಿ, ಗೌಡ ಎಂಬ ಹೆಸರುಗಳನ್ನು ಹುಡುಕಿ ಫೋನ್ ಮಾಡುತ್ತಿದ್ದರು. ಆ ಕಡೆಯವರು ಕನ್ನಡದಲ್ಲಿ ಉತ್ತರಿಸಿದರೆ ಆ ವಾರವೇ ಊಟದ ಕರೆ. ಬಂದವರು ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಡುತ್ತಿದ್ದರು.

ಆ ಉಪ್ಪಿಟ್ಟಿಗೆ ರವೆ ಇರಲಿಲ್ಲ. ಅಮೆರಿಕನ್ನರು ಬೆಳಗಿನ ಗಂಜಿಗೆ ಬಳಸುವ ಕ್ರೀಮ್ ಆಫ್ ವೀಟ್ ಆ ಜಾಗಕ್ಕೆ ಬಂತು. ಇಡ್ಲಿಗೆ ಕ್ರೀಮ್ ಆಫ್ ರೈಸ್ ನೆನೆಸಿ, ಉದ್ದಿನಬೇಳೆಯನ್ನು ಬ್ಲೆಂಡರಿನಲ್ಲಿ ಅರೆದು, ಚಳಿಯಲ್ಲಿ ಹಿಟ್ಟು ಹುದುಗಲೆಂದು ಓವನ್ನಿನೊಳಗೆ ದೀಪ ಹೊತ್ತಿಸಿ ರಾತ್ರಿಯಿಡೀ ಇಡುತ್ತಿದ್ದರು. ಬಿಸ್ಕ್ವಿಕ್ ಹಿಟ್ಟಿಗೆ ಹಾಲಿನ ಪುಡಿ ಕಲಸಿ ಕರಿದರೆ ಜಾಮೂನು. ತೆಂಗಿನಕಾಯಿಯದೇ ದೊಡ್ಡ ಪಾಡು. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದದ್ದು ಕೇಕಿಗೆಂದು ಸಕ್ಕರೆ ಬೆರೆಸಿದ ಒಣ ತುರಿ. ಅದನ್ನು ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಹಿಂಡಿ, ಸಿಹಿ ಹೋಯಿತೆಂದು ನಾಲಿಗೆಗೆ ಹಚ್ಚಿ ನೋಡಿದ ಮೇಲೆ ಹುಳಿಗೆ ಅರೆಯಬೇಕಿತ್ತು. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 1944ರಿಂದ ಇದ್ದ ಕಲುಸ್ತ್ಯಾನ್ ಅಂಗಡಿಗೆ ಹೋಗಿಬರುವವರು ನಾಲ್ಕಾರು ಮನೆಗಾಗುವಷ್ಟು ಬೇಳೆ, ಸಾಸಿವೆ, ಇಂಗು ತರುತ್ತಿದ್ದರು. ಸಾರಿನ ಪುಡಿ, ಹುಳಿಪುಡಿ ಮಾತ್ರ ಊರಿನಿಂದಲೇ, ಸೀರೆಗಳ ನಡುವೆ ಸುತ್ತಿ ಬರುತ್ತಿತ್ತು. ನೆಂಟರಿಷ್ಟರು ಸೇರುವ ದಿನಕ್ಕೆ ಒದಗಿಬಂದ ಅಡುಗೆಯೆಂದರೆ ಬಿಸಿಬೇಳೆಬಾತು: ಒಂದೇ ಪಾತ್ರೆಯಲ್ಲಿ ಮೂವತ್ತು ಜನಕ್ಕಾಗುತ್ತದೆ, ಹಪ್ಪಳವಿಲ್ಲದಿದ್ದರೆ ಅಂಗಡಿಯ ಆಲೂಗಡ್ಡೆ ಚಿಪ್ಸ್ ನಂಚಿಕೊಳ್ಳಬಹುದು. ಹಪ್ಪಳ ಸಿಗುವ ಕಾಲ ಬಂದ ಮೇಲೂ ಚಿಪ್ಸ್ ತಟ್ಟೆಯಿಂದ ಹೋಗಲಿಲ್ಲ.

ಕರಿಬೇವಿನ ಕಥೆ ಬೇರೆ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಸಣ್ಣ ಕೀಟಕ್ಕೆ ಕರಿಬೇವು ಆಸರೆಯಾದ್ದರಿಂದ, ಹಸಿ ಸೊಪ್ಪನ್ನು ಹೊರದೇಶದಿಂದ ತರುವುದಕ್ಕೆ ಅಲ್ಲಿ ಕಟ್ಟುನಿಟ್ಟಿನ ತಡೆಯಿದೆ. ಹೀಗಾಗಿ ಕುಂಡದಲ್ಲಿ ಗಿಡ ಬೆಳೆಸಿದ ಮನೆಗೆ ವಿಶೇಷ ಗೌರವ. ಅಕ್ಟೋಬರಿನಲ್ಲಿ ಗಿಡ ಒಳಗೆ ಬರುತ್ತದೆ, ದಕ್ಷಿಣದ ಕಿಟಕಿಯ ಬಳಿ ನಿಂತು ಎಲೆ ಉದುರಿಸಿಕೊಂಡು ಬೋಳಾಗುತ್ತದೆ, ಮೇ ತಿಂಗಳಲ್ಲಿ ಹೊರಗಿಟ್ಟರೆ ಚಿಗುರುತ್ತದೆ. ಬೇರಿನಿಂದ ಎದ್ದ ಮರಿಗಿಡವನ್ನು ಮನೆಯಾಕೆ ಕಾಗದದ ಲೋಟದಲ್ಲಿ ಮಣ್ಣು ತುಂಬಿ ನೆಟ್ಟು, ಊಟ ಮುಗಿಸಿ ಹೊರಟವರ ಕೈಗೆ ಕೊಡುತ್ತಿದ್ದಳು. ಹೀಗೆ ಒಂದು ತಾಯಿಗಿಡದ ಸಂತಾನ ಹತ್ತಾರು ಮನೆಗಳ ಒಗ್ಗರಣೆಗೆ ಒದಗಿತು.

ಬಡಿಸುವವರೆಗೂ ಕೆಲಸ, ವೈದ್ಯರ ಪರೀಕ್ಷೆ, ಗ್ರೀನ್‌ಕಾರ್ಡು ಎಂದು ಇಂಗ್ಲಿಷಿನಲ್ಲೇ ಓಡುತ್ತಿದ್ದ ಮಾತು, ಮೊಸರನ್ನದ ಹೊತ್ತಿಗೆ ಪೂರಾ ಕನ್ನಡವಾಗುತ್ತಿತ್ತು. ತಿಂಗಳು ತಡವಾಗಿ ಬಂದ ಸುಧಾ ವಾರಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಊರಿನ ಸಾವುನೋವಿನ ಸುದ್ದಿಯನ್ನು ಅಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿಕೊಂಡವರುಂಟು. ಓದಲು ಬಂದ ಹುಡುಗರು ಮನೆಯವರನ್ನು ಅಣ್ಣ, ಅತ್ತಿಗೆ ಎಂದು ಕರೆಯುವಷ್ಟು ಹತ್ತಿರವಾದರು. ಆದರೆ ಈ ಮಾತುಕತೆಯಲ್ಲಿ ಅತ್ತಿಗೆಗೆ ಪಾಲು ಕಡಿಮೆ. ವಾರವೆಲ್ಲ ಹೊರಗೆ ದುಡಿದು, ಶುಕ್ರವಾರ ರಾತ್ರಿಯಿಂದ ಅಡುಗೆಗೆ ನಿಂತು, ಹಾಲ್‌ನಲ್ಲಿ ನಗು ಎದ್ದಾಗ ಆಕೆ ದೋಸೆಯ ಕಾವಲಿಯ ಮುಂದೆ ಇರುತ್ತಿದ್ದಳು. ಪರದೇಶದಲ್ಲಿ ಕನ್ನಡ ಉಳಿದ ಬಗೆಯನ್ನು ಹೇಳುವಾಗ ವೇದಿಕೆಯ ಮೇಲಿದ್ದವರಿಗಿಂತ ಮೊದಲು ನೆನೆಯಬೇಕಾದದ್ದು ಆಕೆಯನ್ನು.

1970ರ ದಶಕದಲ್ಲಿ ಸಂಘಗಳು, ಗುಡಿಗಳು, ಅಂಗಡಿಗಳು ಒಟ್ಟೊಟ್ಟಿಗೆ ಬಂದವು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿ ಹುಟ್ಟಿತು. ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ತೆರೆದದ್ದು 1974ರಲ್ಲಿ. ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ಗುಡಿಯ ಪ್ರತಿಷ್ಠೆ 1977ರಲ್ಲಿ. ಯುಗಾದಿ, ರಾಜ್ಯೋತ್ಸವಗಳು ಶಾಲೆಯ ಸಭಾಂಗಣಕ್ಕೆ ಹೋದ ಮೇಲೆ ಪರಿಚಯ ಹೆಚ್ಚಿ ಮನೆಯೂಟಕ್ಕೆ ಬರುವವರ ಸಂಖ್ಯೆ ಬೆಳೆಯಿತು. ಒಬ್ಬರೇ ಬೇಯಿಸುವುದು ಆಗದ ಮಾತಾಗಿ ಪಾಟ್‌ಲಕ್ ಬಂತು. ಒಬ್ಬರು ಪುಳಿಯೋಗರೆ, ಒಬ್ಬರು ಕೋಸಂಬರಿ, ಅಡುಗೆ ಬಾರದ ಬ್ರಹ್ಮಚಾರಿಗಳು ಕಾಗದದ ತಟ್ಟೆ ಮತ್ತು ಐಸ್‌ಕ್ರೀಮು. ಲೋಟ ಅದಲುಬದಲಾಗದಂತೆ ಮಾರ್ಕರಿನಿಂದ ಹೆಸರು ಬರೆದುಕೊಳ್ಳುವುದು, ಮಿಕ್ಕಿದ್ದನ್ನು ಖಾಲಿ ಮೊಸರಿನ ಡಬ್ಬಗಳಿಗೆ ತುಂಬಿ ಹಂಚುವುದು ಪದ್ಧತಿಯಾಯಿತು.

1990ರ ಕಾಯಿದೆ ಎಚ್-1ಬಿ ವೀಸಾ ತಂದಿತು. 2000ನೇ ಇಸವಿಯ ಕಂಪ್ಯೂಟರ್ ತೊಡಕಿನ ಕೆಲಸ ಬೆಂಗಳೂರಿನ ಹುಡುಗರನ್ನು ದೊಡ್ಡ ಸಂಖ್ಯೆಯಲ್ಲಿ ಕರೆತಂದಿತು. ನಾಲ್ವರು ಸೇರಿ ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟುಗಳಲ್ಲಿ ಕುರ್ಚಿಯಿರಲಿಲ್ಲ, ಕುಕ್ಕರಿತ್ತು. ಒಗ್ಗರಣೆಯ ಹೊಗೆಗೆ ಸ್ಮೋಕ್ ಅಲಾರಂ ಕೂಗಿದರೆ ಒಬ್ಬ ಅದರ ಕೆಳಗೆ ನಿಂತು ಟವೆಲ್ ಬೀಸುತ್ತಿದ್ದ. ನ್ಯೂಜೆರ್ಸಿಯ ಓಕ್ ಟ್ರೀ ರೋಡಿನಂಥ ಕಡೆ ಎಂಟಿಆರ್ ಪುಡಿಯೂ ಫ್ರೀಜ್ ಮಾಡಿದ ಕಾಯಿತುರಿಯೂ ಸಲೀಸಾಗಿ ಸಿಗತೊಡಗಿ, ಹಳಬರು ಕಲಿತಿದ್ದ ಬದಲಿ ಪಾಕಗಳು ಮೂಲೆ ಸೇರಿದವು.

ಮುಂದೆ ಬಂದದ್ದು ಅಲ್ಯೂಮಿನಿಯಂ ಟ್ರೇ. ಮನೆಯಲ್ಲೇ ಅಡುಗೆ ಮಾಡಿ ಮಾರುವ ಮಹಿಳೆಯರಿಗೆ, ಇಲ್ಲವೇ ಹೋಟೆಲಿಗೆ ವಾಟ್ಸಾಪಿನಲ್ಲಿ ಹೇಳಿದರೆ ಅರ್ಧ ಟ್ರೇ ವಾಂಗಿಬಾತು, ಒಂದು ಟ್ರೇ ಮೊಸರನ್ನ ಸಿದ್ಧ. ಕೈಯಡುಗೆಯ ರುಚಿ ಹೋಯಿತೆಂದು ಕೊರಗುವವರಿದ್ದಾರೆ. ಆ ಕೊರಗಿನಲ್ಲಿ ಸತ್ಯವಿದೆ. ನೂರು ಜನಕ್ಕೆಂದು ಮಾಡಿದ ಹುಳಿಗೆ ಒಂದು ಮನೆಯ ಗುರುತು ಇರುವುದಿಲ್ಲ. ಆದರೂ ಟ್ರೇ ಬಂದ ಮೇಲೆಯೇ ಮನೆಯಾಕೆ ಅತಿಥಿಗಳ ಜೊತೆ ಕುಳಿತಳು, ಪುಸ್ತಕದ ಬಗ್ಗೆ, ಚುನಾವಣೆಯ ಬಗ್ಗೆ ತನ್ನ ಮಾತನ್ನು ಪೂರ್ತಿ ಹೇಳಿದಳು. ರುಚಿಯ ನಷ್ಟಕ್ಕಿಂತ ಈ ಲಾಭ ದೊಡ್ಡದು.

2020ರ ಸೋಂಕಿನ ಕಾಲದಲ್ಲಿ ಕೂಟಗಳು ನಿಂತು, ಡಬ್ಬಗಳನ್ನು ಬಾಗಿಲ ಹೊರಗಿಟ್ಟು ಬರುವುದಷ್ಟೇ ಉಳಿಯಿತು. ಮತ್ತೆ ಶುರುವಾದಾಗ ಹಲವೆಡೆ ಕೂಟಗಳು ಚಿಕ್ಕವಾದವು, ಮೂರು ನಾಲ್ಕು ಸಂಸಾರದವು. ಮೊದಲ ತಲೆಮಾರಿನವರಿಗೆ ಈಗ ಎಂಬತ್ತರ ಆಸುಪಾಸು. ಕತ್ತಲಲ್ಲಿ ಕಾರು ಓಡಿಸುವುದು ಕಷ್ಟವಾದ್ದರಿಂದ ಅವರ ಶನಿವಾರ ರಾತ್ರಿಯ ಊಟ ಭಾನುವಾರ ಮಧ್ಯಾಹ್ನಕ್ಕೆ ಬಂದಿದೆ, ನಾಲ್ಕು ಗಂಟೆಗೆ ಕಾಫಿ ಕುಡಿದು ಬೆಳಕಿರುವಾಗಲೇ ಹೊರಡುತ್ತಾರೆ.