ಕಾಮಗೆರೆಯ ದಾರಿಯಲ್ಲಿ

ಚಾಮರಾಜನಗರದಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿದವರಿಗೆ ಸಂತೆಮರಹಳ್ಳಿ ದಾಟುತ್ತಿದ್ದಂತೆ ಬಿಳಿಗಿರಿರಂಗನ ಬೆಟ್ಟದ ಸಾಲು ಬಲಗಡೆ ಜೊತೆಯಾಗುತ್ತದೆ. ಬೆಟ್ಟಕ್ಕೆ ಹೋಗುವವರು ಯಳಂದೂರಿನಲ್ಲಿ ಇಳಿಯುತ್ತಾರೆ. ಅಲ್ಲಿಯ ರಂಗನಾಥ ಕಾಡಿನ ಸೋಲಿಗರಿಗೆ ಬರೀ ದೇವರಲ್ಲ, ಭಾವ! ತಮ್ಮ ಮನೆಯ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂದು ಅವರು ಹಾಡುತ್ತಾರೆ. ಈ ದೇವರಿಗೆ ಚರ್ಮದ ಕೆಲಸದ ಸಮುದಾಯದವರು ದೊಡ್ಡ ಪಾದರಕ್ಷೆಗಳನ್ನು ಹೊಲಿದು ಅರ್ಪಿಸುವುದು ಸಂಪ್ರದಾಯ. ಅವನ್ನೇ ಭಕ್ತರ ತಲೆಗೆ ಮುಟ್ಟಿಸಿ ಹರಸುತ್ತಾರೆ. ಊರೊಳಗೆ ಯಾರನ್ನು ದೂರ ನಿಲ್ಲಿಸಲಾಗಿತ್ತೋ ಅವರ ಕೈಕೆಲಸ ಬೆಟ್ಟದ ಮೇಲೆ ಎಲ್ಲರ ನೆತ್ತಿಗೇರಿದೆ.

ಯಳಂದೂರಿನಿಂದ ಕೊಳ್ಳೇಗಾಲ ದೂರವಿಲ್ಲ. ರೇಷ್ಮೆಯ ಊರು. 1956ರ ನವೆಂಬರಿನವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು ಇದು. ಸಂತೆಯಲ್ಲಿ ಇಂದಿಗೂ ಕನ್ನಡ, ತಮಿಳು, ಉರ್ದು ಒಂದರ ಹೆಗಲಮೇಲೊಂದು ಕೈಹಾಕಿಕೊಂಡು ಓಡಾಡುತ್ತವೆ.

ಈ ಸೀಮೆಯ ದೊಡ್ಡ ಜಾತ್ರೆ ಚಿಕ್ಕಲ್ಲೂರಿನದು. ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಗದ್ದುಗೆಯ ಮುಂದೆ ಚಂದ್ರಮಂಡಲ ಉರಿದರೆ ಮುಂದಿನ ಐದು ದಿನ ಬಯಲೆಲ್ಲ ಬಿಡಾರ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಎತ್ತುತ್ತಾರೆ. ಮಂಟೇಸ್ವಾಮಿ ಅಸಹ್ಯದ ವೇಷ ಹಾಕಿಕೊಂಡು ಬಸವಣ್ಣನ ಕಲ್ಯಾಣಕ್ಕೆ ಹೋಗುವ ಭಾಗ ಆ ಕಥೆಯಲ್ಲಿದೆ. ಎಲ್ಲರೂ ಸಮಾನರೆಂದು ಸಾರಿದ ಪಟ್ಟಣದ ಬಾಗಿಲಲ್ಲೇ ಅವನಿಗೆ ತಡೆ! ಊರಿನ ಶರಣರಿಗೆ ಇದು ಪರೀಕ್ಷೆ. ಓದುಬರಹವಿಲ್ಲದ ಹಾಡುಗಾರರು ಇಂಥ ಪ್ರಶ್ನೆಯನ್ನು ತಲೆಮಾರುಗಳಿಂದ ಬಾಯಲ್ಲೇ ಕಾಪಾಡಿಕೊಂಡು ಬಂದದ್ದು ಸಣ್ಣ ಸಂಗತಿಯಲ್ಲ.

ಜಾತ್ರೆಯ ನಾಲ್ಕನೆಯ ದಿನ ಪಂಕ್ತಿಸೇವೆ. ಬಿಡಾರದಲ್ಲೇ ಅಡುಗೆ ಮಾಡಿ, ಕರೆದವರೊಂದಿಗೆ ಮಾತ್ರವಲ್ಲ, ಬಂದವರೊಂದಿಗೂ ಸಾಲಾಗಿ ಕೂತು ಉಣ್ಣುವುದು. ಜಾತಿ ಕೇಳುವಂತಿಲ್ಲ. ಈಚಿನ ವರ್ಷಗಳಲ್ಲಿ ಈ ಮಾಂಸದೂಟದ ಮೇಲೆ ತಕರಾರು ಎದ್ದಿದೆ. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯನ್ನು ಮುಂದಿಟ್ಟು ಅಧಿಕಾರಿಗಳು ತಡೆಯುತ್ತಾರೆ. ಇದು ದೇವರಿಗೆ ಕೊಟ್ಟ ಬಲಿಯಲ್ಲ, ನಮ್ಮ ಊಟ ಎಂದು ಒಕ್ಕಲಿನವರು ವಾದಿಸುತ್ತಾರೆ. ಪ್ರಾಣಿದಯೆಯ ಮಾತನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಅದೇ ಮಾತು ಪಕ್ಕದವನ ತಟ್ಟೆಯನ್ನು ಕೀಳೆಂದು ನೋಡುವ ಕಣ್ಣಾದರೆ ಅಲ್ಲಿ ದಯೆ ಎಷ್ಟು ಉಳಿಯಿತು?

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮೇಲೆ ಹೋದರೆ ಒಡೆಯರಪಾಳ್ಯ. ಜೋಳದ ಹೊಲಗಳ ನಡುವೆ ಬಣ್ಣದ ಪ್ರಾರ್ಥನಾ ಪತಾಕೆಗಳು, ಕೆಂಪು ನಿಲುವಂಗಿಯ ಭಿಕ್ಷುಗಳು. ಮೊದಲ ಸಲ ಬಂದ ಮಕ್ಕಳು ಬಸ್ಸಿನ ಕಿಟಕಿಗೆ ಅಂಟಿಕೊಳ್ಳುತ್ತಾರೆ. ತಮ್ಮ ನಾಡಿನಲ್ಲಿ ಮಠಗಳು ನಾಶವಾಗಿ, ಪೂಜೆ ಮಾಡುವುದೇ ಅಪರಾಧವಾದಾಗ, 1959ರಿಂದೀಚೆಗೆ ಹಿಮಾಲಯ ದಾಟಿ ಬಂದ ಟಿಬೆಟನ್ನರಿಗೆ 1974ರಲ್ಲಿ ಇಲ್ಲಿ ನೆಲೆ ಸಿಕ್ಕಿತು. ಮಳೆ ನಂಬಿದ ಬಡ ಸೀಮೆ ಇದು. ಇಲ್ಲಿಯವರಿಗೇ ನೆಲ ಸಾಲದು. ಹಾಗಿದ್ದೂ ಭಾಷೆ ಬಾರದ, ದೇವರು ಬೇರೆಯಾದ ಜನ ಇಲ್ಲಿ ಬೇರು ಬಿಟ್ಟರು.

ಕೊಳ್ಳೇಗಾಲಕ್ಕೆ ಮರಳಿ ಹನೂರಿನ ಬಸ್ಸು ಹಿಡಿಯಬಹುದು. ಹನೂರು ಮುಟ್ಟುವ ಮೊದಲು ಬರುವ ಹಳ್ಳಿ ಕಾಮಗೆರೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಭಕ್ತರ ಅನೇಕ ಬಸ್ಸುಗಳು ಇದೇ ದಾರಿಯಲ್ಲಿ ಸಾಗುತ್ತವೆ. ರಸ್ತೆಯ ಆ ಊರಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಹೋಲಿ ಕ್ರಾಸ್ ಆಸ್ಪತ್ರೆ ಇದೆ. 2018ರ ಡಿಸೆಂಬರ್ 14ರವರೆಗೆ ಹೊರಗಿನವರು ಅದರ ಹೆಸರು ಕೇಳಿದ್ದು ಕಡಿಮೆ.

ಅಂದು ಶುಕ್ರವಾರ. ಹನೂರಿನ ಆಚೆ, ಮಾರ್ಟಳ್ಳಿ ಬಳಿಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಗೆ ಗೋಪುರ ಕಟ್ಟಲು ಶಂಕುಸ್ಥಾಪನೆ ನಡೆಯಿತು. ಪೂಜೆ ಮುಗಿದ ಮೇಲೆ ಅನ್ನದ ಪ್ರಸಾದ ಹಂಚಿದರು. ಮೇಲ್ಮರುವತ್ತೂರಿಗೆ ಹೊರಟಿದ್ದ ಓಂಶಕ್ತಿ ವ್ರತದ ಕೆಂಪು ಬಟ್ಟೆಯವರೂ ಸಾಲಿನಲ್ಲಿ ನಿಂತು ತಿಂದರು. ಸ್ವಲ್ಪ ಹೊತ್ತಿನಲ್ಲೇ ವಾಂತಿ, ನೊರೆ. ಎಂಜಲನ್ನು ತಿಂದ ಕಾಗೆಗಳೂ ಸತ್ತುಬಿದ್ದವು. ಅನ್ನದಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಸೇರಿತ್ತು. ಹದಿನೇಳು ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ನರಳಿದರು. ಗುಡಿಯ ಆಡಳಿತದ ಹಿಡಿತಕ್ಕಾಗಿ ಒಳಗಿನವರಲ್ಲೇ ನಡೆದ ಜಗಳ ಇದಕ್ಕೆ ಕಾರಣವೆಂದು ಪೊಲೀಸರು ಆರೋಪಪಟ್ಟಿಯಲ್ಲಿ ಹೇಳಿದರು. ಬೇರೆ ಧರ್ಮದವರ ಮೇಲಿನ ದ್ವೇಷ ಕಾರಣವಲ್ಲ. ತನ್ನ ಧರ್ಮದವನ ಮೇಲೇ ಹುಟ್ಟಿದ ದ್ವೇಷ ಇಷ್ಟು ದೂರ ಹೋಯಿತೆಂಬುದೇ ಭಯ ಹುಟ್ಟಿಸುವ ವಿಷಯ.

ಸಿಕ್ಕಿದ ವಾಹನದಲ್ಲಿ ರೋಗಿಗಳನ್ನು ಹಾಕಿಕೊಂಡು ಬಂದವರಿಗೆ ಕಾಮಗೆರೆಯ ಆಸ್ಪತ್ರೆ ಸಿಕ್ಕಿತು. ಕೆಲವರು ಕೊಳ್ಳೇಗಾಲಕ್ಕೆ ಹೋದರು, ಮುಂದೆ ಅನೇಕರನ್ನು ಮೈಸೂರಿಗೆ ಸಾಗಿಸಲಾಯಿತು. ಮಾರಮ್ಮನ ಪ್ರಸಾದ ತಿಂದು ನೊರೆ ಕಾರುತ್ತಿದ್ದವರಿಗೆ ಶಿಲುಬೆಯ ಕೆಳಗಿನ ಮಂಚಗಳಲ್ಲಿ ಸಲೈನ್ ಹಾಕಿದರು. ಇದಕ್ಕೆ ಸುಮಾರು ಹತ್ತು ವರ್ಷ ಹಿಂದೆ, 2008ರ ಸೆಪ್ಟೆಂಬರಿನಲ್ಲಿ, ಇದೇ ಕರ್ನಾಟಕದ ಮಂಗಳೂರು ಮುಂತಾದೆಡೆ ಚರ್ಚುಗಳ ಮೇಲೆ ದಾಳಿ ನಡೆದಿತ್ತು, ಅಲ್ಲಿಯ ಸನ್ಯಾಸಿನಿಯರ ಪ್ರಾರ್ಥನಾಮಂದಿರಕ್ಕೂ ಏಟು ಬಿದ್ದಿತ್ತು. ವಿಷದ ದಿನ ಆ ಲೆಕ್ಕ ಇಡಲು ಯಾರಿಗೂ ಪುರುಸೊತ್ತಿರಲಿಲ್ಲ. ಬಂದವನ ನಾಡಿ ಸಿಗುತ್ತದೋ ಇಲ್ಲವೋ ಎಂಬುದಷ್ಟೇ ಮುಖ್ಯವಾಗಿತ್ತು.

ಮಾರ್ಟಳ್ಳಿಯ ಕಡೆಯೂ ಹಾಗೆಯೇ. ಅಲ್ಲಿ ಕಥೋಲಿಕರ ಮನೆಗಳು ಬಹಳ, ಊರಿಗೆ ಚರ್ಚ್ ಇದೆ. ಗುಡಿಯ ಹಬ್ಬಕ್ಕೂ ಚರ್ಚಿನ ಹಬ್ಬಕ್ಕೂ ಸುತ್ತಲಿನ ಹೊಲಗಳಲ್ಲಿ ಜೊತೆಗೆ ಕಳೆ ಕಿತ್ತ ಜನವೇ ಬರುವುದು.

ಸುಳ್ವಾಡಿಯ ಗುಡಿ ಸುಮಾರು ಎರಡು ವರ್ಷ ಮುಚ್ಚಿಯೇ ಇತ್ತು. ಮುಜರಾಯಿ ಇಲಾಖೆಯ ಸುಪರ್ದಿಗೆ ಬಂದ ಮೇಲೆ, 2020ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ದೇವಿಯ ದರ್ಶನ ಮುಗಿಸಿ ಸಂಜೆಯ ಬಸ್ಸಿಗೆ ಕೊಳ್ಳೇಗಾಲದತ್ತ ಮರಳುವವರು ಮತ್ತೆ ಕಾಮಗೆರೆಯನ್ನು ಹಾದೇ ಬರಬೇಕು.